ಬೇಸ್ ಗಿಟಾರ್‌ಗೆ ಎರಡು ಬಾಕ್ಸ್, ಮೂರು ಮಹಡಿ ಮೆಟ್ಟಿಲು

ಕಳೆದ ಗಣಪತಿ ಸೀಸನ್‌ನಲ್ಲಿ ನನ್ನ ಬೇಸ್ ಗಿಟಾರ್‌ನ 15 ಇಂಚಿನ ಸ್ಪೀಕರ್ ಬಾಕ್ಸ್ ಸತ್ತುಹೋಯಿತು. ಟಿ. ನರಸೀಪುರದ ಕಡೆಯ ಒಂದು ಊರಲ್ಲಿ ರಸಮಂಜರಿ ಕಾರ್ಯಕ್ರಮ. ಎರಡನೇ ಹಾಡಿಗೆ ದಪ್ಪ ತಂತಿ ಮೀಟಿದಾಗಲೆಲ್ಲ ‘ಕರ್ ಕರ್’ ಅನ್ನತೊಡಗಿತು. ನಾಲ್ಕನೇ ಹಾಡಿಗೆ ಸುಟ್ಟ ವಾಸನೆ. ಐದಕ್ಕೆ ಪೂರ್ತಿ ಮೌನ. ಕೀಬೋರ್ಡ್‌ನವನು ಎಡಗೈಯಲ್ಲಿ ಬೇಸ್ ನುಡಿಸಿಕೊಂಡು ರಾತ್ರಿ ಹನ್ನೊಂದರವರೆಗೆ ಎಳೆದ. ನಾನು ಗಿಟಾರ್ ನೇತುಹಾಕಿಕೊಂಡು ಸುಮ್ನೆ ತಲೆ ಅಲ್ಲಾಡಿಸುತ್ತಾ ನಿಂತಿದ್ದೆ. ಜನರಿಗೆ ಗೊತ್ತೇ ಆಗಲಿಲ್ಲ. ನಿಜ ಹೇಳಬೇಕೆಂದರೆ ಬಾಕ್ಸ್ ಸುಟ್ಟಿದ್ದಕ್ಕಿಂತ ನನಗೆ ಅದೇ ಜಾಸ್ತಿ ನೋವಾಯಿತು.

ಮಾರನೇ ದಿನ ಸ್ಪೀಕರ್ ಬಿಚ್ಚಿ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆ. ಅದೇ ಸ್ಪೀಕರ್‌ಗೆ ಅವರು ಈಗಾಗಲೇ ಎರಡು ಸಲ ಕಾಯಿಲ್, ಅಂದರೆ ಕೋನ್ ಅಲ್ಲಾಡಿಸುವ ತಂತಿಸುರುಳಿ, ಹಾಕಿಕೊಟ್ಟಿದ್ದರು. ಈ ಸಲ ಕೋನ್ ಕಿತ್ತು ಕಾಯಿಲ್ ತೋರಿಸಿದರು. ಒಂದು ಕಡೆ ಕಪ್ಪಾಗಿತ್ತು, ಕೆಳಗಿನ ಅಂಚು ಚಪ್ಪಟೆಯಾಗಿತ್ತು.

“ಇದು ಬರೀ ಸುಟ್ಟಿಲ್ಲ ಸಾ, ಹಿಂದಕ್ಕೆ ಹೋಗಿ ಗುದ್ದಿದೆ. ಸ್ಪೀಕರ್ ತಪ್ಪಲ್ಲ, ಡಬ್ಬದ ತಪ್ಪು. ಇನ್ನೊಂದ್ ಸಲ ಹಾಕ್ಕೊಡ್ತೀನಿ, ದುಡ್ಡು ತಗೋತೀನಿ, ಇನ್ನೊಂದ್ ಸಲ ಬರ್ತೀರಿ.”

ದುಡ್ಡು ಬರುವ ಕೆಲಸವನ್ನು ಬೇಡ ಅನ್ನುವ ರಿಪೇರಿಯವರು ಸಿಗುವುದು ಅಪರೂಪ, ಅಲ್ವಾ? ನಾನು ಆ ಮಾತನ್ನು ಹಿಡಿದುಕೊಂಡೆ.

ಆ ಬಾಕ್ಸ್ ಮೊದಲು ಒಬ್ಬ ಶಾಮಿಯಾನದವರ ಸೌಂಡ್ ಸಿಸ್ಟಮ್‌ನಲ್ಲಿತ್ತು. ಹಾಡು, ಭಾಷಣ, ಡೋಲು ಎಲ್ಲದಕ್ಕೂ ನಡೆಯಲಿ ಎಂದು ಕಟ್ಟಿದ್ದು. ಮುಂದೆ ಎರಡು ರಂಧ್ರಗಳಿದ್ದವು. ಅವು ಗಾಳಿಯಾಡಲಿ ಅಂತ ಬಿಟ್ಟಿದ್ದಲ್ಲ. ಖಾಲಿ ಬಿಂದಿಗೆಯ ಬಾಯಿಗೆ ಊದಿದರೆ ‘ಬೂಂ’ ಎಂದು ಒಂದೇ ಸ್ವರ ಬರುತ್ತದಲ್ಲ, ರಂಧ್ರ ಇರುವ ಬಾಕ್ಸ್‌ಗೂ ಹಾಗೆಯೇ ತನ್ನದೇ ಒಂದು ಶ್ರುತಿ ಇರುತ್ತದೆ. ಆ ಶ್ರುತಿಯಲ್ಲಿ ಶಬ್ದದ ಬಹುಪಾಲು ರಂಧ್ರದಿಂದಲೇ ಬರುತ್ತದೆ, ಕೋನ್ ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ. ಶ್ರುತಿಗಿಂತ ಕೆಳಗೆ ಇಳಿದರೆ ಕಥೆಯೇ ಬೇರೆ. ಕೋನ್‌ಗೆ ಒಳಗಿನ ಗಾಳಿಯ ತಡೆ ಸಿಗುವುದಿಲ್ಲ, ಬಾಕ್ಸೇ ಇಲ್ಲದ ಹಾಗೆ ಹಿಂದೆ ಮುಂದೆ ಓಡಾಡುತ್ತದೆ.

ಆ ಹಳೇ ಬಾಕ್ಸ್‌ನ ಶ್ರುತಿ ಅಳೆದಾಗ 66 ಹರ್ಟ್ಜ್ ಬಂತು, ಅಂದರೆ ಸೆಕೆಂಡಿಗೆ 66 ಕಂಪನ. ನಾಲ್ಕು ತಂತಿಯ ಬೇಸ್‌ನಲ್ಲಿ ದಪ್ಪ ‘ಇ’ ತಂತಿ 41.2 ಹರ್ಟ್ಜ್. ‘ಎ’ 55. ಅಂದರೆ ನಾನು ದಪ್ಪ ತಂತಿ ಮೀಟಿದಾಗಲೆಲ್ಲ ಕೋನ್ ಹಗ್ಗ ಕಿತ್ತ ಕರುವಿನಂತೆ ಓಡುತ್ತಿತ್ತು. ಶಬ್ದ ಕಡಿಮೆ ಬರುತ್ತಿತ್ತು. ಸಾಲದು ಎಂದು ನಾನು ಇನ್ನೂ ಬೇಸ್ ನಾಬ್ ತಿರುಗಿಸುತ್ತಿದ್ದೆ. ಮೂರು ಕಾಯಿಲ್ ತಿಂದದ್ದು ಬಾಕ್ಸ್ ಒಂದೇ ಅಲ್ಲ, ಈ ನನ್ನ ಕೈಯೂ ಸೇರಿದೆ.

ಆಷಾಢದಲ್ಲಿ ನಮಗೆ ಕಾರ್ಯಕ್ರಮ ಇರುವುದಿಲ್ಲ. ಮದುವೆ ಇಲ್ಲ, ಆರತಕ್ಷತೆ ಇಲ್ಲ, ಆರ್ಕೆಸ್ಟ್ರಾದವರನ್ನು ಯಾರೂ ಕೇಳುವುದಿಲ್ಲ. ಈ ವರ್ಷ ಆ ತಿಂಗಳನ್ನೇ ಹೊಸ ಬಾಕ್ಸ್ ಕಟ್ಟಲು ಇಟ್ಟುಕೊಂಡೆ.

ಮೊದಲ ವಾರ ಮರ ಮುಟ್ಟಲೇ ಇಲ್ಲ. ಬರೀ ಯಾವ ಸೆಟಪ್ ಎಂಬ ಯೋಚನೆ. ಗೆಳೆಯರನ್ನು ಕೇಳಿದರೆ ಒಂದೇ ಉತ್ತರ: “ಬೇಸ್‌ಗೆ 15 ಇಂಚೇ ಆಗ್ಬೇಕು ಮಗಾ. ದೊಡ್ಡ ಕೋನ್, ದೊಡ್ಡ ಬೇಸ್.” ಈ ಮಾತು ಸುಲಭವಾಗಿ ಸಾಯುವುದಿಲ್ಲ. 1952ರಲ್ಲಿ ಫೆಂಡರ್‌ನವರು ಬೇಸ್‌ಗೆಂದೇ ಮಾಡಿದ ಮೊದಲ ಬಾಸ್‌ಮನ್ ಆಂಪ್‌ನಲ್ಲಿ (ಆಂಪ್ಲಿಫೈಯರ್) ಇದ್ದದ್ದೂ ಒಂದು 15 ಇಂಚೇ. ಆದರೆ 1969ರಲ್ಲಿ ಆಂಪೆಗ್‌ನವರು ಎಸ್‌ವಿಟಿ ತಂದಾಗ 300 ವಾಟ್‌ನ ವಾಲ್ವ್ ಆಂಪ್‌ಗೆ ಜೋಡಿಸಿದ್ದು 10 ಇಂಚಿನ ಸ್ಪೀಕರ್‌ಗಳನ್ನು. ಒಂದು ಬಾಕ್ಸ್‌ಗೆ ಎಂಟು, ರಂಧ್ರವೇ ಇಲ್ಲದ ಮುಚ್ಚಿದ ಬಾಕ್ಸ್. ರಾಕ್ ಬೇಸ್ ಅಂದರೆ ಇಂದಿಗೂ ಹಲವರ ಕಿವಿಯಲ್ಲಿರುವುದು ಆ 10 ಇಂಚಿನ ಶಬ್ದವೇ. ಹಾಗಾಗಿ ಬರೀ ಇಂಚು ನೋಡಿ ಏನೂ ಹೇಳಲಾಗದು. ಅಂದಹಾಗೆ ಆ ಎಂಟರ ಬಾಕ್ಸ್‌ಗೆ ಫ್ರಿಜ್ ಎಂದೇ ಅಡ್ಡಹೆಸರು. 60 ಕೆಜಿಗೂ ಮೇಲೆ ತೂಕ. ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಅದರ ಆಸೆಯನ್ನು ಕೆಳಗೇ ಬಿಟ್ಟೆ.

ಕೋನ್ ಎಷ್ಟು ಗಾಳಿ ತಳ್ಳುತ್ತದೆ ಎಂಬುದೇ ಕೆಳಸ್ವರದಲ್ಲಿ ಮುಖ್ಯ. ಅದು ಕೋನ್‌ನ ವಿಸ್ತಾರ ಮತ್ತು ಅದು ಹಿಂದೆ ಮುಂದೆ ಸರಿಯುವ ದೂರ ಎರಡರ ಗುಣಾಕಾರ. ನನ್ನ ಹಳೇ 15 ಇಂಚಿನ ಕೋನ್‌ನ ವಿಸ್ತಾರ ಸುಮಾರು 855 ಚದರ ಸೆಂ.ಮೀ. ಅದು ಸರಾಗವಾಗಿ ಸರಿಯುತ್ತಿದ್ದುದು ಬರೀ 3 ಮಿ.ಮೀ. ಗುಣಿಸಿದರೆ 257 ಘನ ಸೆಂ.ಮೀ. ಗಾಳಿ. 12 ಇಂಚಿನದು ಸುಮಾರು 530 ಚದರ ಸೆಂ.ಮೀ. ಈಗಿನ ಒಳ್ಳೆಯ 12 ಇಂಚಿನದು 5 ಮಿ.ಮೀ. ಸರಿಯುತ್ತದೆ. 265 ಆಯಿತು. ಒಂದೇ 12 ಇಂಚಿನದು ನನ್ನ ಹಳೇ 15ಕ್ಕೆ ಸಮ, ಎರಡಾದರೆ ದುಪ್ಪಟ್ಟು! ಈ ಲೆಕ್ಕವನ್ನು ಕೀಬೋರ್ಡ್‌ನವನಿಗೆ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಅವನು ದೋಸೆ ತಿನ್ನುತ್ತಾ “ಆದ್ರೂ 15 ನೋಡೋಕೆ ಚೆನ್ನಾಗಿರುತ್ತೆ ಗುರು” ಅಂದ.

ನನ್ನ ಮುಂದೆ ಇದ್ದದ್ದು ಮೂರು ದಾರಿ. ಒಳ್ಳೆಯ 15 ಒಂದನ್ನು ಸರಿಯಾದ ಬಾಕ್ಸ್‌ನಲ್ಲಿ ಹಾಕುವುದು. ನಾಲ್ಕು 10 ಇಂಚಿನ ಒಂದು ಬಾಕ್ಸ್. ಅಥವಾ 12 ಇಂಚಿನ ಒಂದೊಂದೇ ಸ್ಪೀಕರ್ ಇರುವ ಎರಡು ಬಾಕ್ಸ್. ನಾಲ್ಕು 10ರದ್ದು ಕೇಳಲು ನನಗೆ ತುಂಬ ಇಷ್ಟ, ಕೈಗೆ ಸಿಕ್ಕಂತೆ ಗಟ್ಟಿಯಾದ ಶಬ್ದ. ಆದರೆ ಅಂಥದ್ದು 40 ಕೆಜಿಯ ಹತ್ತಿರ ಹೋಗುತ್ತದೆ, ಒಬ್ಬನೇ ಮೆಟ್ಟಿಲು ಹತ್ತಿಸುವಂತಿಲ್ಲ. ಎರಡು 12ರಲ್ಲಿ ಇನ್ನೊಂದು ಅನುಕೂಲವಿದೆ. ಪ್ರಾಕ್ಟೀಸ್‌ಗೆ ಒಂದೇ ಸಾಕು, ಆಟೋದಲ್ಲಿ ಕಾಲ ಹತ್ತಿರ ಕೂರುತ್ತದೆ. ಬಯಲು ಕಾರ್ಯಕ್ರಮಕ್ಕೆ ಎರಡೂ ಹೋಗಲಿ. ಅಲ್ಲಿಗೆ ತೀರ್ಮಾನವಾಯಿತು. ಶಬ್ದ ಶಾಸ್ತ್ರ ಅರ್ಧ, ನನ್ನ ಸೊಂಟ ಅರ್ಧ.

ಓಮ್ (ಸ್ಪೀಕರ್ ಒಡ್ಡುವ ವಿದ್ಯುತ್ ತಡೆ) ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಎಡವಿದರೆ ಹೋಗುವುದು ಆಂಪ್. ನನ್ನ ಆಂಪ್ ಕ್ಲಾಸ್ ಡಿ ಎಂಬ ಹಗುರ ಬಗೆಯ ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್), 2 ಕೆಜಿಯೂ ಇಲ್ಲ. 8 ಓಮ್‌ಗೆ 300 ವಾಟ್, 4 ಓಮ್‌ಗೆ 500 ವಾಟ್ ಕೊಡುತ್ತದೆ. 4 ಓಮ್‌ಗಿಂತ ಕೆಳಗೆ ಹೋಗಬೇಡಿ ಎಂದು ಹಿಂಭಾಗದಲ್ಲೇ ಬರೆದಿದೆ. 8 ಓಮ್‌ನ ಎರಡು ಬಾಕ್ಸ್ ಜೊತೆಯಾಗಿ ಹಾಕಿದರೆ 4 ಓಮ್, ಸರಿಹೋಗುತ್ತದೆ. ಅದೇ 4 ಓಮ್‌ನ ಸ್ಪೀಕರ್ ಎರಡು ತಂದಿದ್ದರೆ 2 ಓಮ್ ಆಗಿ ಆಂಪ್ ಕೈಕೊಡುತ್ತಿತ್ತು. ಒಂದು 8, ಒಂದು 4 ಹಾಕಿದರೂ 2.67. ಅದೂ ಬೇಡ. ಆದ್ದರಿಂದ ಮುಂದೆ ಎರಡನೇ ಬಾಕ್ಸ್ ಸೇರಿಸುವ ಯೋಚನೆ ಇದ್ದರೆ ಮೊದಲನೆಯದು 8 ಓಮ್‌ನದೇ ಇರಲಿ.

ಇನ್ನೊಂದು ಮಾತು. ವಾಟ್ ದುಪ್ಪಟ್ಟಾದರೆ ಶಬ್ದ ದುಪ್ಪಟ್ಟಾಗುವುದಿಲ್ಲ, 3 ಡೆಸಿಬೆಲ್ ಅಷ್ಟೇ ಏರುತ್ತದೆ. ಕಿವಿಗೆ ದುಪ್ಪಟ್ಟು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ಎರಡನೇ ಬಾಕ್ಸ್ ಸೇರಿಸಿದಾಗ ಮಾತ್ರ ಆಂಪ್‌ನಿಂದ ಜಾಸ್ತಿ ವಾಟ್ ಬರುವುದರ ಜೊತೆಗೆ ಕೆಳಸ್ವರದಲ್ಲಿ ಎರಡು ಕೋನ್ ಕೂಡಿ ಒಂದೇ ದೊಡ್ಡ ಕೋನ್‌ನಂತೆ ತಳ್ಳುತ್ತವೆ. ಎರಡೂ ಸೇರಿ 6 ಡೆಸಿಬೆಲ್‌ನ ಹತ್ತಿರ ಸಿಗುತ್ತದೆ. ಹೊಸ ಆಂಪ್‌ಗಿಂತ ಹೊಸ ಬಾಕ್ಸ್ ಲಾಭ ಅಂತ ನಾನು ಹೇಳುವುದು ಅದಕ್ಕೇ.

ಸ್ಪೀಕರ್ ತರಲು ಮೈಸೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದೆ. ಅಲ್ಲಿ ಎಲ್ಲ ಅಂಗಡಿಯಲ್ಲೂ ಮೊದಲು ಹೇಳುವುದು ವಾಟ್. “ಇದು 600 ವಾಟ್, ಇದು 1000 ವಾಟ್.” ನಾನು ಕೇಳಿದ್ದು ಡೇಟಾ ಶೀಟ್. ಎರಡು ಅಂಗಡಿಯಲ್ಲಿ ನನ್ನನ್ನು ವಿಚಿತ್ರವಾಗಿ ನೋಡಿದರು. ಮೂರನೆಯದರಲ್ಲಿ ಒಬ್ಬ ಹುಡುಗ ಡಬ್ಬದ ಒಳಗಿನಿಂದ ಮಡಚಿದ ಕಾಗದ ತೆಗೆದುಕೊಟ್ಟ. ನನಗೆ ಬೇಕಿದ್ದ ಮೂರು ಅಂಕಿ ಅದರಲ್ಲಿದ್ದವು. ಬಾಕ್ಸ್ ಇಲ್ಲದೆ ಬರೀ ಸ್ಪೀಕರ್ ತಾನೇ ಅನುರಣಿಸುವ ಕಂಪನ, ಎಫ್‌ಎಸ್, 48 ಹರ್ಟ್ಜ್. ಕೋನ್ ಎಷ್ಟು ಬೇಗ ಹತೋಟಿಗೆ ಬರುತ್ತದೆ ಎನ್ನುವ ಕ್ಯೂಟಿಎಸ್ 0.38. ಅದರ ಸ್ಪ್ರಿಂಗ್ ಗುಣವನ್ನು ಎಷ್ಟು ಲೀಟರ್ ಗಾಳಿಗೆ ಹೋಲಿಸಬಹುದು ಎನ್ನುವ ವಿಎಎಸ್ 65 ಲೀಟರ್.

ಈ ಮೂರು ಅಂಕಿಗಳಿಂದ ಬಾಕ್ಸ್ ಲೆಕ್ಕ ಹಾಕುವ ದಾರಿ ತೋರಿಸಿದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್. ಥೀಲ್ ಬರೆದದ್ದು 1961ರಲ್ಲಿ, ಸ್ಮಾಲ್ ಅದನ್ನು 1970ರ ದಶಕದ ಆರಂಭದಲ್ಲಿ ಬೆಳೆಸಿದರು. ಅದಕ್ಕೂ ಮೊದಲು ಬಾಕ್ಸ್ ಅಂದರೆ ಬಹುಮಟ್ಟಿಗೆ ಕಟ್ಟಿ ನೋಡು, ಕೇಳಿ ನೋಡು. ಈಗ ವಿನ್‌ಐಎಸ್‌ಡಿ ಎನ್ನುವ ಉಚಿತ ಸಾಫ್ಟ್‌ವೇರ್‌ಗೆ ಅಂಕಿ ಹಾಕಿದರೆ ಗೆರೆ ಎಳೆದು ತೋರಿಸುತ್ತದೆ. ನನ್ನ ಸ್ಪೀಕರ್‌ಗೆ ಬಂದ ಉತ್ತರ: 60 ಲೀಟರ್ ಬಾಕ್ಸ್, ಶ್ರುತಿ 48 ಹರ್ಟ್ಜ್.

‘ಇ’ 41ಕ್ಕೆ ಇದೆ, ಶ್ರುತಿ 48 ಸಾಕಾ? ನನಗೂ ಈ ಅನುಮಾನ ಬಂತು. ಆದರೆ ತಂತಿ ಮೀಟಿದಾಗ ಬರುವುದು ಬರೀ 41 ಅಲ್ಲ. ಅದರ ಎರಡರಷ್ಟು 82, ಮೂರರಷ್ಟು 123, ಹೀಗೆ ಮೇಲಿನ ಸ್ವರಗಳೂ ಜೊತೆಗೆ ಬರುತ್ತವೆ. ಬೇಸ್ ಗಿಟಾರ್‌ನಲ್ಲಿ ಅನೇಕ ಸಲ 82ರದೇ ಜೋರು ಹೆಚ್ಚು. ಕೆಳಗಿನದು ಕಡಿಮೆಯಾದರೂ ಮೇಲಿನವುಗಳನ್ನು ಕೇಳಿ ಕಿವಿ ಅದನ್ನು ತುಂಬಿಕೊಳ್ಳುತ್ತದೆ. ಐದು ತಂತಿಯ ಬೇಸ್ ನುಡಿಸುವವರಿಗೆ ‘ಬಿ’ 30.9ಕ್ಕೆ ಇರುತ್ತದೆ. ಅವರು ಇನ್ನೂ ದೊಡ್ಡ ಬಾಕ್ಸ್, ಇನ್ನೂ ತಗ್ಗಿನ ಶ್ರುತಿ ನೋಡಬೇಕಾಗುತ್ತದೆ. ಚಿಕ್ಕ ಬಾಕ್ಸ್, ತಗ್ಗಿನ ಸ್ವರ, ಜೋರು ಶಬ್ದ. ಈ ಮೂರರಲ್ಲಿ ಎರಡನ್ನಷ್ಟೇ ಆರಿಸಿಕೊಳ್ಳಬಹುದು. ಇದಕ್ಕೆ ಹಾಫ್‌ಮನ್ ನಿಯಮ ಅನ್ನುತ್ತಾರೆ. ನಾನು ತಗ್ಗಿನ ಸ್ವರದಲ್ಲಿ ಸ್ವಲ್ಪ ಬಿಟ್ಟುಕೊಟ್ಟೆ.

ಹಗುರವಾದ ನಿಯೋಡಿಮಿಯಮ್ ಮ್ಯಾಗ್ನೆಟ್‌ನ ಸ್ಪೀಕರ್ ಕೂಡ ಅಂಗಡಿಯಲ್ಲಿತ್ತು. ಒಂದಕ್ಕೆ ಎರಡೂವರೆ ಕೆಜಿ ಉಳಿಯುತ್ತಿತ್ತು. ಬೆಲೆ ದುಪ್ಪಟ್ಟು. ಮಾಮೂಲಿ ಫೆರೈಟ್‌ನದ್ದನ್ನೇ ಎರಡು ಕಟ್ಟಿಸಿಕೊಂಡು ಮಧ್ಯಾಹ್ನದ ರೈಲಿಗೆ ಬಂದೆ.

ಪ್ಲೈವುಡ್ ನಮ್ಮ ಬಂಬೂ ಬಜಾರ್‌ನಲ್ಲೇ ಸಿಕ್ಕಿತು. 12 ಮಿ.ಮೀ. ಮೆರೈನ್ ಪ್ಲೈ, 8 ಅಡಿ 4 ಅಡಿಯ ಒಂದು ಹಾಳೆ. ಎಲ್ಲರೂ 18 ಮಿ.ಮೀ. ಹಾಕು ಎಂದರು. 18 ಹಾಕಿದರೆ ಒಂದೊಂದು ಬಾಕ್ಸ್‌ಗೆ ಐದು ಕೆಜಿ ಹತ್ತಿರ ಜಾಸ್ತಿಯಾಗುತ್ತದೆ. 12 ಹಾಕಿ ಒಳಗೆ ಅಡ್ಡಪಟ್ಟಿ ಕೊಟ್ಟರೆ ಅಷ್ಟೇ ಗಟ್ಟಿ. ಸ್ಪೀಕರ್ ಕೂರುವ ಮುಂದಿನ ಹಲಗೆಯನ್ನು ಮಾತ್ರ ಎರಡು ಪದರ ಮಾಡಿದೆ, 24 ಮಿ.ಮೀ. ಪಾರ್ಟಿಕಲ್ ಬೋರ್ಡ್ ಕಡೆ ಹೋಗಲೇ ಬೇಡಿ. ನಮ್ಮ ಮಳೆ, ನಮ್ಮ ಟೆಂಪೋ, ಎರಡೂ ಅದನ್ನು ಉಳಿಸುವುದಿಲ್ಲ.

ಹೊರ ಅಳತೆ 43 ಅಗಲ, 50 ಎತ್ತರ, 38 ಆಳ, ಎಲ್ಲ ಸೆಂ.ಮೀ. ಒಳಗೆ ಸುಮಾರು 66 ಲೀಟರ್. ಸ್ಪೀಕರ್, ರಂಧ್ರದಲ್ಲಿ ಕೂರಿಸಿ ಶ್ರುತಿ ನಿಗದಿ ಮಾಡುವ ಪೈಪು, ಅಡ್ಡಪಟ್ಟಿ ತಿನ್ನುವ ಜಾಗ ಕಳೆದರೆ 60. ಕಾಗದದ ಮೇಲೆ ಒಂದೇ ಹಾಳೆಯಲ್ಲಿ ಎರಡೂ ಬಾಕ್ಸ್ ಮುಗಿಯಬೇಕಿತ್ತು. ಗರಗಸ ತಿನ್ನುವ ಪುಡಿಯನ್ನು ಲೆಕ್ಕಕ್ಕೆ ಹಿಡಿದು ಮತ್ತೆ ಗೀಚಿದಾಗ ಮುಂದಿನ ಹಲಗೆಯ ಒಂದು ಒಳಪದರ ಸಾಲಲಿಲ್ಲ. ಇನ್ನೊಂದು ಹಾಳೆ ತರುವ ಬದಲು ಉಳಿದ ಪಟ್ಟಿಯಲ್ಲಿ ಎರಡು ಅರ್ಧ ತುಂಡು ಮಾಡಿ ಸೇರಿಸಿ ಅಂಟಿಸಿದೆವು. ಹಿಂದೆ ಇಡೀ ಹಲಗೆ ಇರುವುದರಿಂದ ಏನೂ ತೊಂದರೆಯಿಲ್ಲ.

ಕತ್ತರಿಸುವುದನ್ನು ನಮ್ಮ ಬೀದಿಯ ಆಚಾರ್ರಿಗೆ ಒಪ್ಪಿಸಿದೆ. ಅವರ ಟೇಬಲ್ ಗರಗಸದಲ್ಲಿ ನೇರ ಬರುತ್ತದೆ, ನನ್ನ ಕೈಗರಗಸದಲ್ಲಿ ಬರುವುದಿಲ್ಲ. ಮುಂದಿನ ಹಲಗೆಯಲ್ಲಿ ಒಂದು ದೊಡ್ಡ ಗುಂಡಿ, ಒಂದು ಚಿಕ್ಕ ಗುಂಡಿ ನೋಡಿ ಕೇಳಿದರು: “ಏನ್ ಸಾ ಇದು, ಪಾರಿವಾಳದ ಗೂಡಾ?” ಮೆರೈನ್ ಪ್ಲೈನಲ್ಲಿ ಪಾರಿವಾಳದ ಗೂಡು ಕಟ್ಟಿಸುವಷ್ಟು ದುಡ್ಡು ನನ್ನಲ್ಲಿದೆ ಅಂದುಕೊಂಡರಲ್ಲ ಎಂದು ಖುಷಿಯಾಯಿತು.

ಅಂಟಿಸುವುದು ಟೆರೇಸ್ ಕೋಣೆಯಲ್ಲಿ. ಹಿಡಿಸಲು ಅಷ್ಟು ದೊಡ್ಡ ಕ್ಲ್ಯಾಂಪ್ ನನ್ನಲ್ಲಿರಲಿಲ್ಲ. ಆಚಾರ್ರೇ ಉಪಾಯ ಹೇಳಿದರು. ಸೈಕಲ್ ಅಂಗಡಿಯಿಂದ ಹಳೇ ಟ್ಯೂಬ್ ತಂದು, ಸೀಳಿ, ಬಾಕ್ಸ್ ಸುತ್ತ ಎಳೆದೆಳೆದು ಸುತ್ತಿದೆ. ಎಷ್ಟು ಬಿಗಿ ಬಂತೆಂದರೆ ಸಂದುಗಳಿಂದ ಫೆವಿಕಾಲ್ ಮಣಿಮಣಿಯಾಗಿ ಹೊರಬಂತು. ಒದ್ದೆ ಬಟ್ಟೆಯಿಂದ ಒರೆಸಿದೆ. ಒಳಗಿನ ಮೂಲೆಗಳಿಗೆ ಇನ್ನೊಂದು ಸಲ ಬೆರಳಿನಿಂದ ಅಂಟು ಎಳೆದೆ, ಗಾಳಿ ಎಲ್ಲೂ ಸೋರಬಾರದು. ಆಷಾಢದ ಥಂಡಿಗೆ ಅಂಟು ಒಣಗಲು ಎರಡು ದಿನ ಹಿಡಿಯಿತು. ಅಮ್ಮ ಬಟ್ಟೆ ಒಣಹಾಕಲು ಬಂದವರು ನೋಡಿ, “ಇದನ್ನೂ ಕೆಳಗೆ ಹೊತ್ಕೊಂಡು ಹೋಗ್ಬೇಕಲ್ವೇನೋ?” ಅಂದರು. ಹೌದು ಅಮ್ಮ.

ಈಗ ನಾನು ಮಾಡಿದ ಪೆದ್ದು ಕೆಲಸ. ಶ್ರುತಿಯ ಪೈಪಿಗೆ ಮನೆಯಲ್ಲೇ ಬಿದ್ದಿದ್ದ 3 ಇಂಚಿನ ಪಿವಿಸಿ ಪೈಪ್ ಬಳಸಿದೆ. ಲೆಕ್ಕ ಸುಲಭ. ಪೈಪಿನ ಒಳ ವ್ಯಾಸವನ್ನು ಸೆಂ.ಮೀ.ನಲ್ಲಿ ತೆಗೆದುಕೊಂಡು ವರ್ಗ ಮಾಡಿ, 23562.5ರಿಂದ ಗುಣಿಸಬೇಕು. ಬಂದದ್ದನ್ನು ಶ್ರುತಿಯ ವರ್ಗ ಮತ್ತು ಲೀಟರ್‌ನ ಗುಣಲಬ್ಧದಿಂದ ಭಾಗಿಸಬೇಕು. ಕೊನೆಗೆ ವ್ಯಾಸದ 0.732ರಷ್ಟನ್ನು ಕಳೆದರೆ ಪೈಪಿನ ಉದ್ದ. 7 ಸೆಂ.ಮೀ. ವ್ಯಾಸಕ್ಕೆ 3.2 ಸೆಂ.ಮೀ. ಉದ್ದ ಬಂತು. ಇಷ್ಟು ಚಿಕ್ಕದಾ ಎಂದು ಅಲ್ಲೇ ಅನುಮಾನ ಪಡಬೇಕಿತ್ತು. ಪಡಲಿಲ್ಲ. ಶ್ರುತಿ ಸರಿಯಾಗಿಯೇ ಬಂತು, ಆದರೆ ಸ್ವಲ್ಪ ಜೋರಾಗಿ ‘ಇ’ ಮೀಟಿದ ಕೂಡಲೇ ಪೈಪು ‘ಬುಸ್ ಬುಸ್’ ಎಂದು ಹಾವಿನಂತೆ ಬುಸುಗುಟ್ಟಿತು. ಅಷ್ಟು ಚಿಕ್ಕ ಬಾಯಲ್ಲಿ ಅಷ್ಟು ಗಾಳಿ ನುಗ್ಗಿದರೆ ಇನ್ನೇನಾಗುತ್ತದೆ.

4 ಇಂಚಿನ ಪೈಪು ಹಾಕಲೇಬೇಕಾಯಿತು. ಒಳ ವ್ಯಾಸ 10.4, ಉದ್ದ 10.8 ಸೆಂ.ಮೀ. ಆದರೆ ಇರುವ ಗುಂಡಿಯನ್ನು ದೊಡ್ಡದು ಮಾಡುವುದು ಹೊಸ ಗುಂಡಿ ಕೊರೆಯುವುದಕ್ಕಿಂತ ಕಷ್ಟ. ಗುಂಡಿ ಕೊರೆಯುವ ಹೋಲ್ ಸಾಗೆ ನಡುವೆ ಮರ ಬೇಕು, ಅಲ್ಲಿ ಈಗ ಬರೀ ಗಾಳಿ. ಕೊನೆಗೆ ಹಳೇ ಗುಂಡಿಗೆ ಸರಿಯಾಗಿ ಒಂದು ಪ್ಲೈ ಬಿಲ್ಲೆ ಕತ್ತರಿಸಿ, ಅಂಟಿಸಿ, ಒಣಗಲು ಬಿಟ್ಟು, ಅದರ ನಡುವೆ ಗುರುತು ಮಾಡಿ ಮತ್ತೆ ಕೊರೆದೆ. ಎರಡು ಬಾಕ್ಸ್‌ಗೂ. ಮನೆಯಲ್ಲಿ ಬಿದ್ದಿದ್ದ ಪೈಪು ಬಳಸಿ ಉಳಿಸಿದ್ದು ನೂರು ರೂಪಾಯಿ, ಕಳೆದದ್ದು ಒಂದು ಇಡೀ ಭಾನುವಾರ. ಪೈಪಿನ ಬಾಯಿಯ ಅಂಚನ್ನು ಮರಳು ಕಾಗದದಿಂದ ಚೆನ್ನಾಗಿ ದುಂಡಗೆ ಮಾಡಿದೆ. ಅಂಚು ಚೂಪಾಗಿದ್ದರೆ ಗಾಳಿ ಅಲ್ಲೇ ಸುಳಿ ತಿರುಗಿ ಸದ್ದು ಮಾಡುತ್ತದೆ.

ಒಳಗೆ ಹಿಂದಿನ ಹಲಗೆ, ಒಂದು ಪಕ್ಕ, ಮೇಲ್ಭಾಗ ಇಷ್ಟಕ್ಕೆ ಹಾಸಿಗೆ ಅಂಗಡಿಯಿಂದ ತಂದ ರೆಕ್ರಾನ್ ಎಂಬ ಪಾಲಿಯೆಸ್ಟರ್ ಹತ್ತಿಯನ್ನು ತೆಳುವಾಗಿ ಅಂಟಿಸಿದೆ. ಪೈಪಿನ ಹತ್ತಿರ ಹಾಕಲಿಲ್ಲ. ಹಾಕಿದರೆ ಪೈಪೇ ಅದನ್ನು ನುಂಗುತ್ತದೆ. ಸ್ಪೀಕರ್ ಕೂರಿಸಲು ಮರದ ಸ್ಕ್ರೂ ಬೇಡ, ಎರಡು ಸಲ ಬಿಚ್ಚಿದರೆ ಹಿಡಿತ ಹೋಗುತ್ತದೆ. ಹಲಗೆಯ ಹಿಂದೆ ಟೀ ನಟ್ (ಮರಕ್ಕೆ ಕಚ್ಚಿಕೊಳ್ಳುವ ಹಲ್ಲಿನ ನಟ್) ಹೊಡೆದು 5 ಮಿ.ಮೀ. ಬೋಲ್ಟ್ ಹಾಕಿದೆ, ಒಂದಕ್ಕೆ ಎಂಟು. ಅಂಚಿಗೆ ಬಾಗಿಲಿಗೆ ಹಾಕುವ ಫೋಮ್ ಟೇಪ್.

ವೈರಿಂಗ್‌ನಲ್ಲಿ ಹೆಚ್ಚೇನಿಲ್ಲ. ಸ್ಪೀಕಾನ್ ಎಂಬ ತಿರುಗಿಸಿ ಬಿಗಿಸುವ ಸಾಕೆಟ್, ಒಂದು ಬಾಕ್ಸ್‌ನಿಂದ ಇನ್ನೊಂದಕ್ಕೆ ಹೋಗಲು ಎರಡೆರಡು. ಹಳೇ ಕಾಲದ ಜಾಕ್ ಹಾಕಲಿಲ್ಲ, ಆಂಪ್ ಆನ್ ಇದ್ದಾಗ ಎಳೆದರೆ ಶಾರ್ಟ್ ಆಗುವ ಭಯ. ಮಲ್ಟಿಮೀಟರ್ ಇಟ್ಟರೆ 8 ಓಮ್‌ನ ಸ್ಪೀಕರ್ 6ರ ಸುತ್ತ ತೋರಿಸುತ್ತದೆ. ನೋಡಿ ಗಾಬರಿಯಾಗಬೇಡಿ, ಮೀಟರ್ ಅಳೆಯುವುದು ಬರೀ ತಂತಿಯ ರೋಧ. ಆಮೇಲೆ 9 ವೋಲ್ಟ್ ಬ್ಯಾಟರಿಯನ್ನು ಒಂದು ಕ್ಷಣ ಮುಟ್ಟಿಸಿ ನೋಡಿದೆ. ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಎರಡೂ ಕೋನ್ ಮುಂದಕ್ಕೆ ಬರಬೇಕು. ಎರಡನೇ ಬಾಕ್ಸ್‌ನದು ಹಿಂದಕ್ಕೆ ಹೋಯಿತು! ಒಂದು ವೈರು ಅದಲುಬದಲಾಗಿತ್ತು. ನೋಡದೆ ಬಿಟ್ಟಿದ್ದರೆ ಒಂದು ತಳ್ಳುವುದನ್ನು ಇನ್ನೊಂದು ಎಳೆದುಕೊಂಡು, ಎರಡು ಬಾಕ್ಸ್ ಇಟ್ಟರೂ ಬೇಸೇ ಇಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ.

ಪರೀಕ್ಷೆಗೆ ಎರಡು ಮನೆ ಉಪಾಯ. ಗಾಳಿ ಸೋರಿಕೆಗೆ ಊದುಬತ್ತಿ. ಫೋನ್‌ನಲ್ಲಿ ಟೋನ್ ಆಪ್ ಹಾಕಿ 40 ಹರ್ಟ್ಜ್ ಸಣ್ಣದಾಗಿ ಬಿಟ್ಟು, ಸಂದುಗಳ ಉದ್ದಕ್ಕೂ ಊದುಬತ್ತಿ ಆಡಿಸಿದೆ. ಎಲ್ಲಿ ಹೊಗೆ ನಡುಗುತ್ತದೋ ಅಲ್ಲಿ ಸೋರಿಕೆ. ಮೊದಲನೆಯದರಲ್ಲಿ ಸಾಕೆಟ್ ಪಕ್ಕ ಒಂದು ಸಿಕ್ಕಿತು. ಶ್ರುತಿ ನೋಡಲು ಅಕ್ಕಿ ಕಾಳು. ಬಾಕ್ಸ್ ಮಲಗಿಸಿ, ಕೋನ್ ನಡುವಿನ ತಗ್ಗಿನಲ್ಲಿ ಹತ್ತು ಕಾಳು ಹಾಕಿ, 70ರಿಂದ ನಿಧಾನ ಇಳಿಸುತ್ತಾ ಹೋದೆ. ಕಾಳು ಕುಣಿಯುತ್ತವೆ, ಕುಣಿಯುತ್ತವೆ, ಒಂದು ಕಡೆ ತಟಕ್ಕನೆ ಸುಮ್ಮನಾಗುತ್ತವೆ. 49 ಹರ್ಟ್ಜ್. ಇನ್ನೂ ಇಳಿಸಿದರೆ ಮತ್ತೆ ಹುಚ್ಚು ಕುಣಿತ. ಹಳೇ ಬಾಕ್ಸ್‌ನ 66 ಅಳೆದದ್ದೂ ಕಾಯಿಲ್ ಸುಡುವ ಮೊದಲು ಹೀಗೇ, ಆಟಕ್ಕೆ ಅಂತ. ಆಗ ಆ ಅಂಕಿಯ ಅರ್ಥ ಗೊತ್ತಿರಲಿಲ್ಲ.

ಅಕ್ಕಿಯಿಂದ ಒಂದು ಫಜೀತಿಯೂ ಆಯಿತು. ಮಾರನೇ ದಿನ ನುಡಿಸುವಾಗ ‘ಎ’ ತಂತಿಯ ಮೂರನೇ ಮನೆಯಲ್ಲಿ ‘ಟಿರ್ರ್’ ಎಂದು ಸದ್ದು. ಬೋಲ್ಟ್ ಬಿಗಿ ಮಾಡಿದೆ, ಜಾಲರಿ ತೆಗೆದೆ, ಹಿಡಿ ಒತ್ತಿ ನೋಡಿದೆ. ಸ್ಪೀಕರ್ ಬಿಚ್ಚಿದಾಗ ಅಡ್ಡಪಟ್ಟಿಯ ಮೇಲೆ ಎರಡು ಅಕ್ಕಿ ಕಾಳು ಕೂತಿದ್ದವು. ಪೈಪಿನಿಂದ ಒಳಗೆ ಹಾರಿದ್ದವು. ನೀವು ಮಾಡುವುದಾದರೆ ಪೈಪಿನ ಬಾಯಿಗೆ ಒಂದು ತೆಳು ಬಟ್ಟೆ ಹೊದಿಸಿ.

ಟ್ವೀಟರ್, ಅಂದರೆ ಮೇಲಿನ ಸ್ವರಗಳ ಚಿಕ್ಕ ಸ್ಪೀಕರ್, ಹಾಕಲಿಲ್ಲ. 12 ಇಂಚಿನ ಕೋನ್ ಸುಮಾರು 1300 ಹರ್ಟ್ಜ್‌ನಿಂದ ಮೇಲೆ ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಮಾತ್ರ ಹೊಡೆಯತೊಡಗುತ್ತದೆ. ಹೆಬ್ಬೆರಳಿನಿಂದ ಬಡಿದು ನುಡಿಸುವವರಿಗೆ ಅದು ಕೊರತೆಯೇ. ನಾನು ಬೆರಳಿನಲ್ಲಿ ನುಡಿಸುವವನು, ನಮ್ಮ ಹಾಡುಗಳಿಗೆ ಆ ಚಿಟಿಚಿಟಿ ಬೇಕಿಲ್ಲ.

ಬಣ್ಣ ಕಪ್ಪು. ಅದರ ಬಗ್ಗೆ ಹೇಳಲು ಏನೂ ಇಲ್ಲ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ: ಒಂದು ಬಾಕ್ಸ್ 18 ಕೆಜಿ 300 ಗ್ರಾಂ. ಹಳೇದು 32 ಕೆಜಿ ಇತ್ತು. ಗುಜರಿಯವರು ಕಿಲೋಗೆ ಎಷ್ಟು ಎಂದು ಕೇಳದೆ ಬಿಡಲಿಲ್ಲ.

ಖರ್ಚು ಪ್ಲೈಗೆ 3,100, ಎರಡು ಸ್ಪೀಕರ್‌ಗೆ 15,600, ಹಿಡಿ, ಮೂಲೆ, ಸಾಕೆಟ್, ಜಾಲರಿಗೆ 1,900, ಅಂಟು, ಬೋಲ್ಟ್, ಬಣ್ಣಕ್ಕೆ 1,450, ಆಚಾರ್ರಿಗೆ 2,000, ರೆಕ್ರಾನ್, ಟೇಪ್‌ಗೆ 350, ಪೈಪಿಗೆ 180. ಒಟ್ಟು 24,580 ರೂಪಾಯಿ. ರೈಲು ಟಿಕೆಟ್ ಸೇರಿಸಿಲ್ಲ, ದೋಸೆಯೂ ಸೇರಿಲ್ಲ.

ಈ ಸಲದ ಮೊದಲ ಗಣಪತಿ ಕಾರ್ಯಕ್ರಮ ನಂಜನಗೂಡಿನ ಹತ್ತಿರ. ಹುಡುಗರು ಬಾಕ್ಸ್‌ಗಳನ್ನು ಚೆಂದ ಕಾಣಲಿ ಅಂತ ಅಕ್ಕಪಕ್ಕ ಇಟ್ಟಿದ್ದರು. ನಡುವೆ ನಿಂತರೆ ಚೆನ್ನಾಗಿತ್ತು, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸ್ವರ ಮಸುಕು. ಎರಡು ಕೋನ್‌ಗಳಿಂದ ಶಬ್ದ ಕಿವಿಗೆ ಬೇರೆ ಬೇರೆ ಹೊತ್ತಿಗೆ ಬಂದು ಮಧ್ಯದ ಸ್ವರಗಳು ಒಂದನ್ನೊಂದು ತಿನ್ನುತ್ತವೆ. ಒಂದರ ಮೇಲೊಂದು ಇಟ್ಟೆ. ವೇದಿಕೆಯ ಎಲ್ಲ ಕಡೆಗೂ ಒಂದೇ ಥರ ಹರಡಿತು. ಮೇಲಿನ ಸ್ಪೀಕರ್ ಸೊಂಟದ ಎತ್ತರಕ್ಕೆ ಬಂದದ್ದರಿಂದ ನನ್ನ ಮೊಣಕಾಲಿನ ಬದಲು ಕಿವಿಗೂ ಸ್ವಲ್ಪ ಸಿಕ್ಕಿತು. ಹಲಗೆಯ ವೇದಿಕೆ ಡೋಲಿನಂತೆ ಗುಂಯ್‌ಗುಟ್ಟುತ್ತಿತ್ತು. ಕೆಳಗೆ ಮಡಚಿದ ಎರಡು ಗೋಣಿಚೀಲ ಹಾಕಿದ ಮೇಲೆ ಅದೂ ಕಡಿಮೆಯಾಯಿತು. ಆಂಪ್‌ನಲ್ಲಿ ತೀರಾ ಕೆಳಗಿನ ಸ್ವರ ತಡೆಯುವ ಹೈಪಾಸ್ ಫಿಲ್ಟರ್ 35 ಹರ್ಟ್ಜ್‌ಗೆ ಇಟ್ಟಿದ್ದೆ. ಶ್ರುತಿಯ ಕೆಳಗೆ ಕೋನ್ ಓಡಾಡದಂತೆ ಅದೇ ಹಗ್ಗ. ಬೇಸ್ ನಾಬ್ ನಡುವಿನಿಂದ ಮೇಲೆ ಹೋಗಲಿಲ್ಲ. ಬೇಕಾಗಲಿಲ್ಲ.

ಮೂರನೇ ಹಾಡಿಗೆ ಕೀಬೋರ್ಡ್‌ನವನು ತಿರುಗಿ ಕೈಸನ್ನೆ ಮಾಡಿದ. ಏನು ಎಂದು ಹತ್ತಿರ ಹೋದೆ. “ಸ್ವಲ್ಪ ಕಮ್ಮಿ ಮಾಡು ಗುರು, ನನ್ನ ಎಡಗೈ ನಂಗೇ ಕೇಳಿಸ್ತಿಲ್ಲ.”

ರಾತ್ರಿ ಒಂದೂವರೆಗೆ ಮನೆ. ಒಂದು ಬಾಕ್ಸ್ ಹತ್ತಿಸಿದೆ, ಇಳಿದು ಬಂದು ಇನ್ನೊಂದು ಹತ್ತಿಸಿದೆ. ಎರಡನೇ ಮಹಡಿಯ ತಿರುವಿನಲ್ಲಿ ಪಕ್ಕದ ಹಿಡಿ ಗೋಡೆಗೆ ತಾಗುತ್ತದೆ. ಹಿಡಿಯನ್ನು ಮೇಲಕ್ಕೆ ಹಾಕಬೇಕಿತ್ತು, ಆಗ ಒಂದೇ ಕೈಯಲ್ಲಿ ಹೊರಬಹುದಿತ್ತು. ಬರುವ ಭಾನುವಾರ ಆಚಾರ್ರ ಡ್ರಿಲ್ ಕೇಳಿದ್ದೇನೆ.